ಕುಂಭಕರ್ಣನ ಪುಟ: ಒಂದು ಕೈಬರಹ ಪತ್ರಿಕೆಯ ಪ್ರಕರಣ

ಪ್ರತಿ ವರ್ಷ ಜನವರಿ ಬಂತೆಂದರೆ ಯಾರಾದರೂ ಒಬ್ಬ ಶಿಕ್ಷಕರು ನನಗೆ ಫೋನ್ ಮಾಡುತ್ತಾರೆ. ಹತ್ತನೇ ತರಗತಿಯ ಮಕ್ಕಳಿಗೆ ಬೀಳ್ಕೊಡುಗೆ ಇದೆ, ಒಬ್ಬೊಬ್ಬರ ಬಗ್ಗೆ ನಾಲ್ಕು ತಮಾಷೆ ಸಾಲು ಬರೆಸಬೇಕು, ಹೇಗೆ ಮಾಡಿಸುವುದು ಅಂತ ಕೇಳುತ್ತಾರೆ. ನಾನು ಪ್ರತಿ ಸಲ ಒಂದೇ ಕಥೆ ಹೇಳುತ್ತೇನೆ. ಈ ಸಲ ಅದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಇದು 1987-88ನೇ ಸಾಲಿನ ಎಸ್ಸೆಸ್ಸೆಲ್ಸಿ ತಂಡದ ಕಥೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಘಟ್ಟದ ಮೇಲಿನ ಒಂದು ಊರಿನ ಹೈಸ್ಕೂಲು. ಊರು, ಶಾಲೆ, ಜನ ಯಾರ ಹೆಸರನ್ನೂ ಇಲ್ಲಿ ಬರೆದಿಲ್ಲ. ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತರಗತಿಯಲ್ಲಿ ನಾವು 43 ಜನ, 27 ಹುಡುಗರು, 16 ಹುಡುಗಿಯರು. ಪತ್ರಿಕೆಗೆ ಮೂವರು ಸಂಪಾದಕರಿದ್ದೆವು. ಅವರಲ್ಲಿ ನಾನೂ ಒಬ್ಬಳು.

ಹಿನ್ನೆಲೆ

ನಮ್ಮ ಕಡೆ ಶಾಲೆ ಬಿಡುವ ಸಮಯದಲ್ಲಿ ‘ಫಿಶ್‌ಪಾಂಡ್’ ಎಂಬ ಆಟ ನಡೆಯುತ್ತಿತ್ತು. ಧಾರವಾಡ, ಬೆಳಗಾವಿ ಕಡೆಯವರಿಗೂ ಇದು ಚೆನ್ನಾಗಿ ಗೊತ್ತು. ವರಾಂಡದಲ್ಲಿ ಒಂದು ಬೂಟಿನ ಡಬ್ಬಿ ಇಡುತ್ತಿದ್ದರು, ಮುಚ್ಚಳಕ್ಕೆ ಒಂದು ಸೀಳು. ಯಾರು ಬೇಕಾದರೂ ಯಾರ ಬಗ್ಗೆ ಬೇಕಾದರೂ ಚೀಟಿ ಬರೆದು ಹಾಕಬಹುದು. ಬರೆದವರ ಹೆಸರು ಹಾಕಬೇಕಾಗಿಲ್ಲ. ಸೆಂಡಾಫ್ ದಿನ ಎಲ್ಲರ ಮುಂದೆ ಚೀಟಿ ತೆಗೆದು ಓದುತ್ತಾರೆ. ಯಾರ ಹೆಸರು ಬಂತೋ ಅವರು ಎದ್ದು ನಿಲ್ಲಬೇಕು. ಬಿರುದು, ಚುಟುಕು, ಸಿನಿಮಾ ಹಾಡಿನ ಸಾಲು, ಇಂಥದ್ದೇ ಇರುತ್ತಿತ್ತು. ಹೆಚ್ಚಿನವು ನಿಜಕ್ಕೂ ನಗಿಸುವಂಥವೇ.

ಆದರೆ ನಮ್ಮ ಹಿಂದಿನ ವರ್ಷ ಒಬ್ಬ ಹುಡುಗಿಯ ಮೈಬಣ್ಣದ ಬಗ್ಗೆ ಒಂದು ಚೀಟಿ ಬಂತು. ಓದುತ್ತಿದ್ದ ಹುಡುಗ ಅರ್ಧ ಓದಿ ನಿಲ್ಲಿಸಿದ. ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಅವಳು ನಿಂತೇ ಇದ್ದಳು. ಫೋಟೋ ತೆಗೆಯುವ ಹೊತ್ತಿಗೆ ಅವಳು ಮನೆಗೆ ಹೋಗಿಬಿಟ್ಟಿದ್ದಳು. ಆ ತಂಡದ ಗುಂಪು ಫೋಟೋದಲ್ಲಿ ಅವಳಿಲ್ಲ.

ನಮ್ಮ ಕನ್ನಡ ಮಾಸ್ತರರು ಅದನ್ನು ಮರೆಯಲಿಲ್ಲ. ಮರು ವರ್ಷ ಜೂನ್‌ನಲ್ಲೇ ಹೇಳಿಬಿಟ್ಟರು: ಈ ಸಲ ಡಬ್ಬಿ ಇಲ್ಲ. ಬದಲಿಗೆ ಕೈಬರಹದ ಪತ್ರಿಕೆ ಮಾಡಿ. ಅದರಲ್ಲಿ 43 ಜನರ ಪರಿಚಯವೂ ಬರಲಿ, ತಮಾಷೆಯಾಗಿಯೇ ಬರಲಿ. ಒಂದೇ ಷರತ್ತು, ಬರೆದವರ ಹೆಸರು ಕೆಳಗೆ ಇರಬೇಕು.

ಅದು ಒಳ್ಳೆಯ ನಿರ್ಧಾರ. ಹೆಸರು ಹಾಕಬೇಕು ಅಂದ ತಕ್ಷಣ ಅರ್ಧ ಕೊಳಕು ತಾನಾಗಿ ಹೋಗುತ್ತದೆ. ಆದರೆ ಅಷ್ಟೇ ಸಾಕು ಅಂತ ಮಾಸ್ತರರೂ ಅಂದುಕೊಂಡರು, ನಾವೂ ಅಂದುಕೊಂಡೆವು. ನಮ್ಮ ತೊಂದರೆ ಶುರುವಾದದ್ದು ಅಲ್ಲಿಂದಲೇ.

ಪತ್ರಿಕೆಯ ಕೆಲಸ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. ಆಗ ನಮ್ಮಲ್ಲಿ ಜೆರಾಕ್ಸ್ ಇರಲಿಲ್ಲ. ಪತ್ರಿಕೆ ಅಂದರೆ ಒಂದೇ ಪ್ರತಿ. ಫುಲ್‌ಸ್ಕೇಪ್ ಹಾಳೆಗೆ ಪೆನ್ಸಿಲ್‌ನಿಂದ ತೆಳುವಾಗಿ ಗೆರೆ ಹಾಕುವುದು, ಬ್ರಿಲ್ ಇಂಕಿನಲ್ಲಿ ಬರೆಯುವುದು, ಆಮೇಲೆ ಗೆರೆ ಅಳಿಸುವುದು. ಇಂಕು ಬಿದ್ದರೆ ಹಾಳೆಯೇ ಹೊಸದು. ಅದಕ್ಕೇ ಮೊದಲು ರಫ್ ನೋಟ್‌ಬುಕ್ಕಿನಲ್ಲಿ ಬರೆದು, ಮಾಸ್ತರರಿಗೆ ತೋರಿಸಿ, ಆಮೇಲೆ ದುಂಡಗಿನ ಅಕ್ಷರದ ಹುಡುಗನಿಗೆ ಕೊಡುತ್ತಿದ್ದೆವು. ಹಾಳೆಗಳನ್ನು ದಬ್ಬಣದಿಂದ ಹೊಲಿದು, ರಟ್ಟು ಅಂಟಿಸಬೇಕು. ಅಂಟಿಗೆ ಮೈದಾ ಕಾಯಿಸಿ, ಹುಳ ಹಿಡಿಯದಿರಲಿ ಅಂತ ಚಿಟಿಕೆ ಮೈಲುತುತ್ತ ಹಾಕುತ್ತಿದ್ದೆವು. ಮೈಲುತುತ್ತಕ್ಕೆ ನಮ್ಮಲ್ಲಿ ಬರವಿಲ್ಲ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಅದೇ ಬೇಕು. ಎಲ್ಲರ ಮನೆಯಲ್ಲೂ ಇರುತ್ತಿತ್ತು.

ಪರಿಚಯಕ್ಕೆ ನಾಲ್ಕು ಕಲಂ ಮಾಡಿಕೊಂಡೆವು: ಹೆಸರು, ಬಿರುದು, ಸದಾ ಬಾಯಲ್ಲಿರುವ ಮಾತು, ಮುಂದೆ ಏನಾಗುತ್ತಾರೆ. ಕೆಳಗೆ ಐದಾರು ಸಾಲಿನ ಬರಹ.

ಮೊದಲ ಕೆಲವು ಬರಹಗಳು ಚೆನ್ನಾಗಿ ಬಂದವು. ಕ್ರಿಕೆಟ್ ಹುಚ್ಚಿನ ಒಬ್ಬ ಹುಡುಗನಿದ್ದ. 1987ರ ಅಕ್ಟೋಬರ್ 31ರಂದು ನಾಗಪುರದಲ್ಲಿ ಚೇತನ್ ಶರ್ಮಾ ನ್ಯೂಜಿಲೆಂಡ್ ಮೇಲೆ ಹ್ಯಾಟ್ರಿಕ್ ತೆಗೆದಿದ್ದರು, ಮೂವರೂ ಬೌಲ್ಡ್. ವಿಶ್ವಕಪ್ಪಿನ ಮೊದಲ ಹ್ಯಾಟ್ರಿಕ್ ಅದು. ಈ ಹುಡುಗ ರೇಡಿಯೋದಲ್ಲಿ ಕೇಳಿದ್ದನ್ನು ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮತ್ತೆ ಹೇಳುತ್ತಿದ್ದ. ಅವನ ಬಗ್ಗೆ ಹೀಗೆ ಬರೆದೆವು: “ಹುಟ್ಟಿದಾಗ ಅಳಲಿಲ್ಲ. ಟಾಸ್ ಯಾರು ಗೆದ್ದರು ಎಂದು ಕೇಳಿದನಂತೆ. ಚೇತನ್ ಶರ್ಮಾ ನಾಗಪುರದಲ್ಲಿ ಹ್ಯಾಟ್ರಿಕ್ ತೆಗೆದದ್ದು ಒಂದೇ ಸಲ. ನಮ್ಮ ಬಾವಿಕಟ್ಟೆಯ ಹತ್ತಿರ ಅರವತ್ತು ಸಲ.”

ಇನ್ನೊಬ್ಬಳ ಕಂಪಾಸು ಪೆಟ್ಟಿಗೆಯಲ್ಲಿ ಎಲ್ಲವೂ ಎರಡೆರಡು ಇರುತ್ತಿತ್ತು. “ಇವಳದ್ದು ರಾಷ್ಟ್ರೀಕೃತ ಬ್ಯಾಂಕು. ರಬ್ಬರ್, ಮುಳ್ಳು, ಕೋನಮಾಪಕ ಎಲ್ಲಕ್ಕೂ ಸಾಲ ಸಿಗುತ್ತದೆ. ಬಡ್ಡಿ ಒಂದು ಚೂರು ಬೆಲ್ಲ. ಗಣಿತದ ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತಕ್ಕೇ ಕ್ಯೂ.”

ಯಕ್ಷಗಾನದ ಮನೆಯ ಒಬ್ಬ ಹುಡುಗ ಹಾಜರಿ ಕೂಗಿದಾಗಲೂ ಅರ್ಥ ಹೇಳುವವನ ಧಾಟಿಯಲ್ಲೇ ಉತ್ತರ ಕೊಡುತ್ತಿದ್ದ. “ಇವನ ಹೆಸರು ಕೂಗಿದರೆ ಮೊದಲು ಪೀಠಿಕೆ, ಆಮೇಲೆ ಸಂವಾದ, ಕೊನೆಗೆ ‘ಹಾಜರ್’. ಇವನಿಂದಾಗಿ ಇವನ ನಂತರದವರ ಹಾಜರಿ ಎರಡನೇ ಪೀರಿಯಡ್ಡಿನಲ್ಲಿ.”

ಇವನ್ನು ಓದಿದವರು ನಕ್ಕರು. ಇವುಗಳ ಒಡೆಯರು ಎಲ್ಲರಿಗಿಂತ ಜೋರಾಗಿ ನಕ್ಕರು. ನಮಗೆ ಧೈರ್ಯ ಬಂತು.

ಸಮಸ್ಯೆ

ಕೊನೇ ಬೆಂಚಿನಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ಊರಿಂದ ಆರು ಕಿಲೋಮೀಟರ್ ದೂರದ ಹಳ್ಳಿಯವನು. ದಿನಾ ನಡೆದೇ ಬರುತ್ತಿದ್ದ. ಮಾತು ಕಡಿಮೆ. ದೀಪಾವಳಿ ಕಳೆದ ಮೇಲೆ ತರಗತಿಯಲ್ಲಿ ನಿದ್ದೆ ಮಾಡುವುದು ಶುರುವಾಯಿತು. ತೂಕಡಿಕೆ ಅಲ್ಲ, ತಲೆ ಡೆಸ್ಕಿಗೆ ಇಟ್ಟು ಗಾಢ ನಿದ್ದೆ. ಮಾಸ್ತರರು ಎಬ್ಬಿಸಿದರೆ ಎದ್ದು ನಿಂತು, ಕೂತು, ಮತ್ತೆ ಮಲಗುತ್ತಿದ್ದ.

ಅವನ ಬಗ್ಗೆ ಬರೆದವಳು ನಾನು. ಬರೆದದ್ದು ಇಷ್ಟು: “ಬಿರುದು: ಕುಂಭಕರ್ಣ. ರಾಮಾಯಣದ ಕುಂಭಕರ್ಣ ಆರು ತಿಂಗಳು ಮಲಗುತ್ತಿದ್ದ. ನಮ್ಮವನು ಆರು ಪೀರಿಯಡ್ಡು. ಸಮಾಜದ ಪಾಠದಲ್ಲಿ ಪ್ಲಾಸಿ ಕದನವೇ ನಡೆದುಹೋಯಿತು, ಇವನಿಗೆ ಎಚ್ಚರವಾಗಲಿಲ್ಲ. ಮುಂದೆ ಏನಾಗುತ್ತಾನೆ: ಹಾಸಿಗೆ ಅಂಗಡಿಯ ಮಾಲೀಕ.”

ಮಾಸ್ತರರೂ ನೋಡಿದರು. ಸರಿ ಅಂದರು. ಅದರಲ್ಲಿ ಬೈಗುಳ ಇಲ್ಲ, ಜಾತಿ ಇಲ್ಲ, ಮೈಬಣ್ಣ ಇಲ್ಲ. ಅವನು ದಿನಾ ಮಾಡುವುದನ್ನೇ ಬರೆದದ್ದು. ನನ್ನ ಹೆಸರೂ ಕೆಳಗಿತ್ತು. ನಾವು ಮಾಡಿಕೊಂಡಿದ್ದ ನಿಯಮದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಈ ಪ್ರಕರಣವನ್ನು ಇಷ್ಟು ವರ್ಷ ಹೇಳುತ್ತಾ ಬಂದಿರುವುದಕ್ಕೆ ಇದೇ ಕಾರಣ.

ಫೆಬ್ರವರಿ ಮೊದಲ ವಾರ, ಗುರುವಾರ. ಸೆಂಡಾಫ್‌ಗೆ ಹದಿನಾರು ದಿನ ಉಳಿದಿತ್ತು. ರಫ್ ನೋಟ್‌ಬುಕ್ಕು ದುಂಡಕ್ಷರದ ಹುಡುಗನ ಕೈಯಲ್ಲಿತ್ತು. ಊಟದ ಬಿಡುವಿನಲ್ಲಿ ಅವನು ಬಾವಿಕಟ್ಟೆಯ ಮೇಲೆ ಕೂತು ನಾಲ್ಕೈದು ಪರಿಚಯ ಗಟ್ಟಿಯಾಗಿ ಓದಿದ. ಕುಂಭಕರ್ಣನದ್ದೂ ಓದಿದ. ಸುತ್ತ ಇದ್ದವರು ಬಿದ್ದು ಬಿದ್ದು ನಕ್ಕರು. ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ಅವನು ತಲೆ ಡೆಸ್ಕಿಗೆ ಇಟ್ಟ ಕೂಡಲೇ ಹಿಂದಿನಿಂದ ಯಾರೋ “ಕುಂಭಕರ್ಣಾ” ಅಂದರು. ನಾಲ್ಕು ಕಡೆಯಿಂದ ಅದೇ ಕೂಗು. ಯಾರೋ ಜಾಗಟೆ ಬಡಿದಂತೆ ಡೆಸ್ಕು ಬಡಿದರು.

ಅವನು ಎದ್ದು ನೆಟ್ಟಗೆ ಕೂತ. ಸಂಜೆಯವರೆಗೆ ಹಾಗೇ ಕೂತಿದ್ದ. ಮರುದಿನದಿಂದ ಬರಲಿಲ್ಲ.

ಏನೇನು ಮಾಡಿ ನೋಡಿದೆವು

ಶುಕ್ರವಾರ ಬರಲಿಲ್ಲ. ಜ್ವರ ಇರಬಹುದು ಅಂದುಕೊಂಡೆವು. ಶನಿವಾರವೂ ಇಲ್ಲ. ಆಗ ನಾನು ಒಂದು ಚೀಟಿ ಬರೆದು ಅವನ ಪಕ್ಕದ ಹಳ್ಳಿಯ ಹುಡುಗನ ಕೈಲಿ ಕಳಿಸಿದೆ. “ಬೇಜಾರು ಮಾಡ್ಕೋಬೇಡ, ಸುಮ್ನೆ ತಮಾಷೆಗೆ ಬರೆದದ್ದು” ಅಂತ. ಉತ್ತರ ಬರಲಿಲ್ಲ. ಬರುವುದೂ ಸಾಧ್ಯವಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಆ ಚೀಟಿಯಲ್ಲಿ ತಪ್ಪು ಅವನದ್ದೇ ಅಂತ ಇತ್ತು, ಬೇಜಾರು ಮಾಡಿಕೊಂಡದ್ದು ಅವನ ತಪ್ಪು. ನನ್ನ ತಪ್ಪಿನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

ಸೋಮವಾರ ವಿಷಯ ಹೆಡ್‌ಮಾಸ್ತರರಿಗೆ ತಿಳಿಯಿತು. ಅವರು ಒಂದೇ ಮಾತಿನಲ್ಲಿ ಮುಗಿಸಿದರು: ಪರಿಚಯಗಳು ಬೇಡ, ಪತ್ರಿಕೆಯಲ್ಲಿ ಕವನ, ಗಾದೆ, ಪ್ರಬಂಧ ಇರಲಿ. ಅವರ ಕಡೆಯಿಂದ ನೋಡಿದರೆ ಅದು ಸಹಜವೇ. ಪರೀಕ್ಷೆ ಹತ್ತಿರ ಬಂದಿದೆ, ಒಬ್ಬ ಹುಡುಗ ಶಾಲೆ ಬಿಟ್ಟಿದ್ದಾನೆ. ಆದರೆ ಆ ನಿರ್ಧಾರದಿಂದ ಪರಿಸ್ಥಿತಿ ಕೆಟ್ಟಿತು. ತರಗತಿಯವರಿಗೆ ತಮ್ಮ ತಮ್ಮ ಪರಿಚಯ ಓದುವ ಆಸೆ ಇತ್ತು. ಅದು ಕೈತಪ್ಪಿತು ಅಂತ ಸಿಟ್ಟು ಬಂತು. ಆ ಸಿಟ್ಟು ನಮ್ಮ ಮೇಲೆ ಬರಲಿಲ್ಲ. “ಅವನಿಂದಾಗಿ ಎಲ್ಲಾ ಹಾಳಾಯ್ತು” ಅಂತ ಮಾತಾಯಿತು. ಬಾರದೆ ಇದ್ದವನ ಮೇಲೆ ಇನ್ನೊಂದು ಹೊರೆ ಬಿತ್ತು.

ಅವತ್ತು ಸಂಜೆ ಕನ್ನಡ ಮಾಸ್ತರರು ನಮ್ಮ ಮೂವರನ್ನು ಕೂರಿಸಿಕೊಂಡರು. ಬೈಯಲಿಲ್ಲ. “ನಾನೂ ಓದಿದ್ದೆ, ನಾನೂ ಸರಿ ಅಂದಿದ್ದೆ” ಅಂದರು. ಆಮೇಲೆ ಕೇಳಿದರು: “ಅವನು ಯಾಕೆ ಮಲಗ್ತಾನೆ ಅಂತ ನಿಮಗೆ ಯಾರಿಗಾದರೂ ಗೊತ್ತಾ?”

ನಮಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ನಾಲ್ಕು ತಿಂಗಳಿಂದ ಎಲ್ಲರ ಕಣ್ಣೆದುರೇ ಅವನು ಮಲಗುತ್ತಿದ್ದ.

ಬಾಗಿಲ ಹತ್ತಿರ ಒಬ್ಬ ಹುಡುಗಿ ನಿಂತಿದ್ದಳು. ನಮ್ಮದೇ ತರಗತಿಯವಳು, ದೊಡ್ಡ ಅಡಿಕೆ ತೋಟದ ಮನೆಯವಳು. ಅವಳು ಮೆಲ್ಲಗೆ ಹೇಳಿದಳು: “ನನಗೆ ಗೊತ್ತು ಸರ್. ಅವನು ರಾತ್ರಿ ನಮ್ಮನೇಲಿ ಅಡಿಕೆ ಸುಲಿತಾನೆ.”

ಅಡಿಕೆ ಸೀಮೆಯ ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ನವೆಂಬರ್‌ನಿಂದ ಫೆಬ್ರವರಿಯವರೆಗೆ ಕೊಯ್ಲು. ಕೆಂಪಡಿಕೆ ಮಾಡಬೇಕಾದರೆ ಹಸಿ ಅಡಿಕೆ ಕೊಯ್ದ ಮೇಲೆ ಹೆಚ್ಚು ದಿನ ಇಡುವಂತಿಲ್ಲ. ಬೇಗ ಸುಲಿಯಬೇಕು, ಹಂಡೆಯಲ್ಲಿ ಬೇಯಿಸಬೇಕು, ಒಣಗಿಸಬೇಕು. ಹಗಲು ಕೊಯ್ಲು, ಹಾಗಾಗಿ ಸುಲಿಯುವುದು ರಾತ್ರಿ. ಜಗಲಿಯಲ್ಲಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಹತ್ತಾರು ಜನ ಕೂರುತ್ತಾರೆ. ಸುಲಿದಷ್ಟಕ್ಕೆ ಕೂಲಿ. ಹಸಿ ಅಡಿಕೆಯ ಚೊಗರು ಬೆರಳಿಗೆ ಹತ್ತಿ ಕಪ್ಪಾಗುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಅವನ ಬೆರಳು ಕಪ್ಪಾಗಿದ್ದದ್ದು ನಾವೆಲ್ಲ ನೋಡಿದ್ದೆವು. ಆ ತಿಂಗಳುಗಳಲ್ಲಿ ತರಗತಿಯ ಅರ್ಧ ಜನರ ಬೆರಳೂ ಕಪ್ಪೇ. ನಾವೆಲ್ಲ ನಮ್ಮ ಮನೆಯಲ್ಲಿ ಊಟದ ಮುಂಚೆ ಒಂದು ಗಂಟೆ ಸುಲಿದು ಮಲಗುತ್ತಿದ್ದೆವು. ಅವನು ತಾಯಿಯ ಜೊತೆ ಇನ್ನೊಬ್ಬರ ಜಗಲಿಯಲ್ಲಿ ರಾತ್ರಿ ಹನ್ನೆರಡರವರೆಗೆ, ಕೆಲವು ದಿನ ಒಂದರವರೆಗೆ ಸುಲಿಯುತ್ತಿದ್ದ. ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಕೆಲಸ. ಆಮೇಲೆ ಆರು ಕಿಲೋಮೀಟರ್ ನಡಿಗೆ.

“ನೀನು ಮೊದಲೇ ಯಾಕೆ ಹೇಳಲಿಲ್ಲ?” ಅಂತ ನಾನು ಅವಳನ್ನು ಕೇಳಿದೆ.

“ನೀವು ಯಾರೂ ಕೇಳಲೇ ಇಲ್ಲ. ಅವನಿಗೆ ಹೇಳೋದು ಇಷ್ಟ ಇರಲಿಲ್ಲ. ನಾನ್ಯಾಕೆ ಹೇಳಲಿ?”

ಅವಳು ಮಾಡಿದ್ದೇ ಸರಿ. ಅದು ಅವನ ಸಂಗತಿ, ಅವಳು ಅದನ್ನು ಕಾಪಾಡಿದ್ದಳು. ನಾವು ಮಾಡಬೇಕಿದ್ದ ಕೆಲಸ ಬೇರೆಯೇ ಇತ್ತು.

ಮಂಗಳವಾರ ಶಾಲೆ ಬಿಟ್ಟ ಮೇಲೆ ಮಾಸ್ತರರು, ನಾವು ಮೂವರು, ಆ ಹುಡುಗಿ ಐವರೂ ಅವನ ಮನೆಗೆ ಹೋದೆವು. ಸೊಪ್ಪಿನ ಬೆಟ್ಟ ದಾಟಿ, ದಣಪೆ ತೆಗೆದು ಒಳಗೆ ಹೋದರೆ ಅವನು ಕಟ್ಟಿಗೆ ಒಡೆಯುತ್ತಿದ್ದ. ಅವನ ತಾಯಿ ಗಾಬರಿಯಾದರು. “ಬನ್ನಿ ಮಾಸ್ತರ್ರೇ, ಕೂತ್ಕಳಿ” ಅಂದು ಕಂಬಳಿ ಹಾಸಿದರು. ಅವನು ಶಾಲೆಗೆ ಹೋಗುತ್ತಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಕಾರಣ ಗೊತ್ತಿರಲಿಲ್ಲ. ಓದು ತಲೆಗೆ ಹತ್ತುತ್ತಿಲ್ಲ ಅಂತ ಹೇಳಿದ್ದನಂತೆ.

ನಾನು ಅವನ ಹತ್ತಿರ ಹೋಗಿ ಹೇಳಿದೆ: “ನಾನು ನಿನ್ನನ್ನ ಕೇಳದೆ ಬರೆದೆ. ಕೇಳಬೇಕಿತ್ತು.” ಇಷ್ಟೇ ಹೇಳಿದ್ದು. ದಾರಿಯಲ್ಲಿ ಇನ್ನೂ ಏನೇನೋ ಯೋಚನೆ ಮಾಡಿಕೊಂಡು ಹೋಗಿದ್ದೆ, ಯಾವುದೂ ಬಾಯಿಗೆ ಬರಲಿಲ್ಲ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: “ಪ್ಲಾಸಿ ಕದನ ನನಗೆ ಗೊತ್ತಿಲ್ಲ ಅಂತ ಯಾಕೆ ಬರೆದೆ? 1757. ಮೀರ್ ಜಾಫರ್ ಮೋಸ ಮಾಡಿದ. ನಾನು ಮಲಗಿದ್ರೂ ಕೇಳ್ತಾ ಇರ್ತೀನಿ.”

ನಾನು ಅಂದುಕೊಂಡಿದ್ದು ಕುಂಭಕರ್ಣ ಅನ್ನುವ ಮಾತು ಅವನಿಗೆ ಚುಚ್ಚಿದೆ ಅಂತ. ಅವನಿಗೆ ಚುಚ್ಚಿದ್ದು ಅದಲ್ಲ. ಅಷ್ಟು ಕಷ್ಟಪಟ್ಟು ಶಾಲೆಗೆ ಬರುತ್ತಿದ್ದವನನ್ನು ಪಾಠ ಬೇಡದವನು ಅಂತ ಬರೆದಿದ್ದೆವು. ನಮಗೆ ನೋವು ಎಲ್ಲಿ ಆಗಿದೆ ಅನ್ನುವುದೂ ಅವನು ಹೇಳುವವರೆಗೆ ಗೊತ್ತಾಗಲಿಲ್ಲ.

ಮಾಸ್ತರರು ಒಂದು ಪ್ರಸ್ತಾಪ ಇಟ್ಟರು. ತೋಟದ ಮನೆಯವರ ಹತ್ತಿರ ಮಾತಾಡಿ ಅವನನ್ನು ಒಂಬತ್ತು ಗಂಟೆಗೇ ಕಳಿಸುವಂತೆ ಹೇಳುತ್ತೇನೆ ಅಂದರು. ಅವನು ಬೇಡ ಅಂದ. ಸುಲಿಯದೆ ಇದ್ದರೆ ಕೂಲಿ ಇಲ್ಲ. ಇನ್ನು ಮೂರು ವಾರದಲ್ಲಿ ಹೇಗೂ ಕೊಯ್ಲು ಮುಗಿಯುತ್ತದೆ. ಮಾಸ್ತರರು ಒತ್ತಾಯ ಮಾಡಲಿಲ್ಲ. ಬದಲಿಗೆ ಹೆಡ್‌ಮಾಸ್ತರರನ್ನು ಕೇಳಿ, ಕೊಯ್ಲು ಮುಗಿಯುವವರೆಗೆ ಮೊದಲ ಪೀರಿಯಡ್ಡು ತಪ್ಪಿದರೂ ಹಾಜರಿ ಕೊಡುವಂತೆ ಮಾಡಿದರು. ಆ ಪೀರಿಯಡ್ಡಿನ ನೋಟ್ಸು ತೋಟದ ಮನೆಯ ಹುಡುಗಿ ಬರೆದುಕೊಟ್ಟಳು.

ಹೊಸದಾಗಿ ಬರೆದದ್ದು

ಬುಧವಾರ ಅವನು ಬಂದ. ಅವತ್ತೇ ಹೆಡ್‌ಮಾಸ್ತರರ ಒಪ್ಪಿಗೆಯೂ ಸಿಕ್ಕಿತು. ಉಳಿದದ್ದು ಹತ್ತು ದಿನ. ನಾವು ಬರೆದಿದ್ದನ್ನೆಲ್ಲ ಬದಿಗಿಟ್ಟು ಮೊದಲಿನಿಂದ ಶುರು ಮಾಡಿದೆವು. ಮೂವರಿಂದ ಆಗುವ ಕೆಲಸ ಅಲ್ಲ ಅಂತ ಒಂಬತ್ತು ಜನ ಹಂಚಿಕೊಂಡೆವು.

ಬರೆಯುವ ಮುಂಚೆ ಪಕ್ಕದಲ್ಲಿ ಕೂತು ಮೂರು ಪ್ರಶ್ನೆ ಕೇಳುವುದು ಅಂತಾಯಿತು. ಬೆಳಿಗ್ಗೆ ಎದ್ದಾಗಿನಿಂದ ಶಾಲೆಯ ಗಂಟೆ ಹೊಡೆಯುವವರೆಗೆ ಏನು ಮಾಡುತ್ತೀಯ? ನಿನ್ನಲ್ಲಿ ನಗುವಂಥದ್ದು ಏನಿದೆ ಅಂತ ನಿನಗೇ ಅನ್ನಿಸುತ್ತದೆ? ಯಾವುದನ್ನು ಬರೆಯಬಾರದು? ಬರೆದ ಮೇಲೆ ಅವರಿಗೇ ಓದಲು ಕೊಡುವುದು. ಅವರು ಯಾವ ಸಾಲು ಬೇಕಾದರೂ ಹೊಡೆದುಹಾಕಬಹುದು, ಕಾರಣ ಕೇಳುವಂತಿಲ್ಲ. ಆಮೇಲಷ್ಟೇ ಇಂಕು. ಅಲ್ಲಿಯವರೆಗೆ ರಫ್ ನೋಟ್‌ಬುಕ್ಕು ಮಾಸ್ತರರ ಕಪಾಟಿನಲ್ಲಿ.

ಮೊದಲ ಪ್ರಶ್ನೆಯಿಂದ ಬಂದದ್ದು ನೋಡಿ ನಾವು ಬೆರಗಾದೆವು. ಐದು ವರ್ಷ ಜೊತೆಗೆ ಓದಿದವರ ಬೆಳಗ್ಗೆ ನಮಗೆ ಗೊತ್ತೇ ಇರಲಿಲ್ಲ. ಒಬ್ಬ ಡೇರಿಗೆ ಹಾಲು ಹಾಕಿ ಬರುತ್ತಿದ್ದ. ಒಬ್ಬಳು ಅಜ್ಜನಿಗೆ ಪೇಪರ್ ಓದಿ ಹೇಳಿ ಬರುತ್ತಿದ್ದಳು. ಕ್ರಿಕೆಟ್ ಹುಡುಗ ದಾರಿಯಲ್ಲಿ ಸಿಗುವ ಪ್ರತಿ ದರೆಗಲ್ಲಿಗೂ ಒಂದು ದೇಶದ ಹೆಸರಿಟ್ಟಿದ್ದ, ದಿನಾ ಬೆಳಿಗ್ಗೆ ವಿಶ್ವಕಪ್ ಮುಗಿಸಿಯೇ ಶಾಲೆಗೆ ಬರುತ್ತಿದ್ದ. ಅವನ ಪರಿಚಯಕ್ಕೆ ಅದು ಸೇರಿತು, ಮೊದಲಿಗಿಂತ ಎರಡು ಪಟ್ಟು ಚೆನ್ನಾಗಾಯಿತು.

ಎಲ್ಲವೂ ಹಾಗಾಗಲಿಲ್ಲ. ಕೆಲವರ ಪರಿಚಯ ಸಪ್ಪೆಯಾಯಿತು. ‘ಒಳ್ಳೆಯ ಹುಡುಗ, ಎಲ್ಲರ ಜೊತೆ ಚೆನ್ನಾಗಿರುತ್ತಾನೆ’ ಅಂತ ಬರೆದದ್ದು ಏಳೆಂಟು ಇದ್ದವು, ಯಾರ ಹೆಸರಿಗೆ ಹಾಕಿದರೂ ಸರಿಹೋಗುವಂಥವು. ಒಬ್ಬ ಹುಡುಗ ತನ್ನ ಬಗ್ಗೆ ಇದ್ದ ಅತ್ಯಂತ ಒಳ್ಳೆಯ ಸಾಲನ್ನೇ ಹೊಡೆದುಹಾಕಿದ. ಇಡೀ ಪತ್ರಿಕೆಯಲ್ಲಿ ಅದಕ್ಕಿಂತ ನಗಿಸುವ ಸಾಲು ಇರಲಿಲ್ಲ. ನನಗೆ ಅದು ಇವತ್ತಿಗೂ ಬಾಯಿಪಾಠ ಇದೆ. ಯಾರಿಗೂ ಹೇಳಿಲ್ಲ.

ಆಮೇಲೆ ‘ಮುಂದೆ ಏನಾಗುತ್ತಾರೆ’ ಕಲಂ. ನಮ್ಮ ವಿಜ್ಞಾನದ ಅಕ್ಕೋರು ಹಳೆಯ ರಫ್ ನೋಟ್‌ಬುಕ್ಕು ತಿರುವಿ ಹಾಕುತ್ತಾ ಕೇಳಿದರು: “ಐದು ಹುಡುಗಿಯರ ಮುಂದೆ ಮದುವೆ ಅಂತ ಬರೆದಿದ್ದೀರಲ್ಲ. ಹುಡುಗರಲ್ಲಿ ಯಾರೂ ಮದುವೆ ಆಗೋದಿಲ್ವಾ?”

ನಾವು ಆ ಐವರನ್ನೂ ಕೇಳಿದೆವು. ಒಬ್ಬಳು ನರ್ಸ್ ಅಂದಳು. ಒಬ್ಬಳು ಹೊಲಿಗೆ ಕಲಿತು ಅಂಗಡಿ ಇಡುತ್ತೇನೆ ಅಂದಳು. ಒಬ್ಬಳು ಕಂಡಕ್ಟರ್ ಅಂದಳು, ಯಾಕೆ ಅಂದರೆ ದಿನಾ ಎರಡು ಸಲ ಘಟ್ಟ ಇಳಿದು ಸಮುದ್ರ ನೋಡಿ ಬರಬಹುದು. ಇಷ್ಟು ಒಳ್ಳೆಯ ಉತ್ತರಗಳನ್ನು ನಾವು ಒಂದೇ ಪದ ಬರೆದು ಮುಚ್ಚಿಬಿಟ್ಟಿದ್ದೆವು. ನಾಲ್ಕನೆಯವಳು ಮದುವೆ ಅಂತಲೇ ಇರಲಿ, ಆದರೆ ಅಡುಗೆ ಅವನದ್ದು ಅಂತ ಸೇರಿಸಿ ಅಂದಳು. ಸೇರಿಸಿದೆವು.

ಐದನೆಯವಳು ನನ್ನ ಬಗ್ಗೆ ಏನೂ ಬರೆಯಬೇಡಿ ಅಂದಳು. ನಾವು ಕಾರಣ ಕೇಳುವಂತಿರಲಿಲ್ಲ. ಎರಡು ದಿನದ ಮೇಲೆ ಅವಳೇ ಅಕ್ಕೋರ ಹತ್ತಿರ ಹೇಳಿಕೊಂಡಳು. ಅವಳಿಗೆ ಗಂಡು ಗೊತ್ತಾಗಿತ್ತು, ಮಾರ್ಚ್ ತಿಂಗಳಲ್ಲೇ ಮದುವೆ. ಹೆಣ್ಣಿಗೆ 18 ಆಗಬೇಕು ಅಂತ ಕಾನೂನು ತಿದ್ದುಪಡಿಯಾದದ್ದು 1978ರಲ್ಲಿ. ಅವಳಿಗೆ ಆಗ 16. ಅಕ್ಕೋರು ಮೂರು ಸಲ ಅವಳ ಮನೆಗೆ ಹೋದರು. ಮದುವೆ ನಿಲ್ಲಲಿಲ್ಲ. ಪರೀಕ್ಷೆ ಮುಗಿಯುವವರೆಗೆ ಮುಂದೆ ಹೋಯಿತು, ಅಷ್ಟೇ. ಅವಳು ಪರೀಕ್ಷೆ ಬರೆದಳು. ಪತ್ರಿಕೆಯಲ್ಲಿ ಅವಳ ಪುಟದಲ್ಲಿ ಹೆಸರು ಮಾತ್ರ ಇದೆ. ಸುತ್ತ ಬಳ್ಳಿಯ ಚಿತ್ರ ಬಿಡಿಸುತ್ತೇನೆ ಅಂತ ನಮ್ಮ ಚಿತ್ರಕಾರ ಕೇಳಿದ. ಅದೂ ಬೇಡ ಅಂದಳು.

ಕೊನೇ ಬೆಂಚಿನ ಹುಡುಗ ತನ್ನ ಪರಿಚಯವನ್ನು ತಾನೇ ಬರೆಯುತ್ತೇನೆ ಅಂದ. ಬಿರುದು ಬದಲಿಸಲಿಲ್ಲ. ನಾನು ಬೇರೆ ಸೂಚಿಸಿದರೂ ಇದೇ ಇರಲಿ ಅಂದ. ಅವನು ಬರೆದದ್ದು:

“ಬಿರುದು: ಕುಂಭಕರ್ಣ. ರಾತ್ರಿ ಹನ್ನೆರಡರವರೆಗೆ ಅಡಿಕೆ, ಬೆಳಿಗ್ಗೆ ಐದರಿಂದ ದನ. ನಡುವೆ ನಿದ್ದೆ ನನ್ನನ್ನು ಹುಡುಕಿಕೊಂಡು ಬರುವ ಹೊತ್ತಿಗೆ ನಾನು ಶಾಲೆಯಲ್ಲಿರುತ್ತೇನೆ. ಅದಕ್ಕೇ ಅದು ಇಲ್ಲಿಗೇ ಬರುತ್ತದೆ. ಹೊರಗೆ ಹೋಗು ಅನ್ನಲು ಮಾಸ್ತರರಿಗೂ ಆಗಲಿಲ್ಲ. ಆದರೆ ನನ್ನ ಕಿವಿ ಮಲಗುವುದಿಲ್ಲ. ಪರೀಕ್ಷಿಸಬಹುದು. ಮುಂದೆ ಏನಾಗುತ್ತೇನೆ: ಹಗಲು ಎಚ್ಚರ ಇದ್ದು ರಾತ್ರಿ ಮಲಗುವ ಯಾವ ಕೆಲಸವಾದರೂ ಸರಿ.”

ಏನಾಯಿತು

ಫೆಬ್ರವರಿ ಮೂರನೇ ಶನಿವಾರ ಸೆಂಡಾಫ್. ಅವಲಕ್ಕಿ, ಲಾಡು, ಚಹಾ. ಪ್ರತಿಯೊಬ್ಬರೂ ಮುಂದೆ ಬಂದು ತಮ್ಮ ಪರಿಚಯವನ್ನು ತಾವೇ ಓದಬೇಕು ಅಂತ ಮಾಸ್ತರರು ಹೇಳಿದರು. ಇದು ಆ ಕ್ಷಣದಲ್ಲಿ ಮಾಡಿದ ನಿರ್ಧಾರ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಇದೇ ದೊಡ್ಡದು. ಫಿಶ್‌ಪಾಂಡಿನಲ್ಲಿ ಓದುವವರು ಬೇರೆ, ನಿಲ್ಲುವವರು ಬೇರೆ. ಇಲ್ಲಿ ಓದುವವರೇ ನಿಂತಿದ್ದರು. ತಮ್ಮ ಬಗ್ಗೆ ತಾವೇ ಓದುವಾಗ ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಗಿಸಬೇಕು ಅನ್ನುವುದು ಅವರ ಕೈಯಲ್ಲೇ ಇತ್ತು.

ಅವನ ಸರದಿ ಬಂತು. “ಬಿರುದು: ಕುಂಭಕರ್ಣ” ಅಂತ ಓದಿದಾಗ ಯಾರೂ ನಗಲಿಲ್ಲ, ಎಲ್ಲರಿಗೂ ಹೆದರಿಕೆ. ‘ಅದಕ್ಕೇ ಅದು ಇಲ್ಲಿಗೇ ಬರುತ್ತದೆ’ ಅನ್ನುವ ಹೊತ್ತಿಗೆ ಮೊದಲು ನಕ್ಕವರು ಹೆಡ್‌ಮಾಸ್ತರರು. ‘ಪರೀಕ್ಷಿಸಬಹುದು’ ಅಂದಾಗ ಸಮಾಜದ ಮಾಸ್ತರರು ಕೂತಲ್ಲಿಂದಲೇ “ಪ್ಲಾಸಿ ಕದನ?” ಅಂದರು. ಅವನು ಇಸವಿ, ಜಾಗ, ಇಬ್ಬರೂ ನಾಯಕರ ಹೆಸರು ಎಲ್ಲ ಹೇಳಿದ. ಆ ಚಪ್ಪಾಳೆ ಇನ್ನೂ ನೆನಪಿದೆ.

ಗುಂಪು ಫೋಟೋದಲ್ಲಿ 43 ಜನರೂ ಇದ್ದೇವೆ. ಅವನು ಪರೀಕ್ಷೆ ಬರೆದ, ಪಾಸಾದ.

ಇದರಿಂದ ಕಲಿತದ್ದು

ನಾನು ಮುಂದೆ ಕನ್ನಡ ಶಿಕ್ಷಕಿಯಾದೆ. ಇದೇ ಕ್ರಮವನ್ನು ಹಲವು ಸಲ ಮಾಡಿಸಿದ್ದೇನೆ. ಕೇಳುವವರಿಗೆ ನಾನು ಹೇಳುವುದು ಇಷ್ಟು.

ಜಾತಿ, ಬಣ್ಣ, ಮೈಕಟ್ಟು ಬೇಡ ಅನ್ನುವ ನಿಯಮ ಬೇಕೇ ಬೇಕು. ಆದರೆ ನಮ್ಮನ್ನು ಕಾಪಾಡಲು ಅದು ಸಾಲಲಿಲ್ಲ. ಒಬ್ಬರ ಅಭ್ಯಾಸವನ್ನು ನೋಡಿ ನಕ್ಕರೆ ತಪ್ಪಿಲ್ಲ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ತಡವಾಗಿ ಬರುವುದು, ಮಲಗುವುದು, ದಿನಾ ಒಂದೇ ಅಂಗಿ ಹಾಕುವುದು, ಡಬ್ಬಿ ತೆರೆಯದೆ ಒಬ್ಬರೇ ಊಟ ಮಾಡುವುದು, ಎಲ್ಲವೂ ಅಭ್ಯಾಸಗಳೇ. ಶಾಲೆಯಲ್ಲಿ ಬಡತನ ಕಾಣಿಸಿಕೊಳ್ಳುವುದು ಹೆಚ್ಚಾಗಿ ಅಭ್ಯಾಸದ ವೇಷದಲ್ಲಿ. ಅದಕ್ಕೇ ಕೇಳಬೇಕು. ಕೇಳಿದರೆ ತಮಾಷೆ ಹಾಳಾಗುತ್ತದೆ ಅನ್ನುವ ಭಯ ಬೇಡ. ನಮ್ಮ ಪತ್ರಿಕೆಯ ಒಳ್ಳೆಯ ಪರಿಚಯಗಳೆಲ್ಲ ಕೇಳಿ ಬರೆದವು.

ಇನ್ನೊಂದು, ಬರಹ ಮುಗಿಯುವ ಮುಂಚೆ ಹೊರಗೆ ಬಿಡಬಾರದು. ನಮಗೆ ಪೆಟ್ಟು ಬಿದ್ದದ್ದು ಪುಟದಿಂದಲ್ಲ, ಬಾವಿಕಟ್ಟೆಯಿಂದ. ಈಗ ಬಾವಿಕಟ್ಟೆಯ ಜಾಗದಲ್ಲಿ ವಾಟ್ಸಾಪ್ ಇದೆ. ಒಂದು ಬಿರುದು ಅರ್ಧ ನಿಮಿಷದಲ್ಲಿ ಇಡೀ ಶಾಲೆ ಸುತ್ತುತ್ತದೆ. ಹಾಗಾಗಿ ನಾನು ಇವತ್ತಿಗೂ ರಫ್ ಬರಹವನ್ನು ಕಾಗದದ ಮೇಲೆ, ಕೈಯಲ್ಲೇ ಬರೆಸುತ್ತೇನೆ.

ತಪ್ಪಾದ ಮೇಲೆ ಎಲ್ಲವನ್ನೂ ನಿಲ್ಲಿಸಿಬಿಡುವುದು ಸುಲಭ. ಅದನ್ನು ಮಾಡುವ ಮುಂಚೆ, ಆ ನಿರ್ಧಾರದ ಸಿಟ್ಟು ಯಾರ ತಲೆ ಮೇಲೆ ಬೀಳುತ್ತದೆ ಅಂತ ಒಂದು ಸಲ ಯೋಚಿಸಿ. ನಮ್ಮಲ್ಲಿ ಅದು ಬಿದ್ದದ್ದು ನೊಂದವನ ಮೇಲೆ.

2018ರಲ್ಲಿ, ಮೂವತ್ತು ವರ್ಷ ತುಂಬಿದಾಗ, ನಾವು ಇಪ್ಪತ್ತಾರು ಜನ ಮತ್ತೆ ಸೇರಿದ್ದೆವು. ಪತ್ರಿಕೆ ಶಾಲೆಯ ಕಪಾಟಿನಲ್ಲಿ ಹಾಗೇ ಇತ್ತು. ಅಂಚು ಹಳದಿಯಾಗಿದೆ, ಮಳೆಗಾಲದ ಬೂಸ್ಟು ರಟ್ಟಿನ ಮೇಲೆ ಕಲೆ ಮಾಡಿದೆ. ಆದರೆ ಒಂದು ಹುಳವೂ ಹಿಡಿದಿಲ್ಲ. ಮೈಲುತುತ್ತ ತನ್ನ ಕೆಲಸ ಮಾಡಿತ್ತು. ಪತ್ರಿಕೆ ಕೈಯಿಂದ ಕೈಗೆ ಹೋಗಿ ಅವಳ ಹತ್ತಿರ ಬಂತು, ಹೆಸರು ಮಾತ್ರ ಇರುವ ಪುಟದವಳು. ಈಗ ಅವಳಿಗೆ ಮೊಮ್ಮಗಳಿದ್ದಾಳೆ. ಯಾರೋ ಪೆನ್ನು ಚಾಚಿ, “ಈಗಲಾದರೂ ಏನಾದ್ರೂ ಬರಿಯೇ” ಅಂದರು.

ಅವಳು ಪುಟದ ಮೇಲೆ ಒಮ್ಮೆ ಕೈಯಾಡಿಸಿದಳು. “ಇದು ಹೀಗೇ ಇರಲಿ” ಅಂದಳು. ಪೆನ್ನು ವಾಪಸು ಕೊಟ್ಟು, ಹಾಳೆ ತಿರುವಿ, ಕ್ರಿಕೆಟ್ ಹುಡುಗನ ಪುಟ ಹುಡುಕಿ ಗಟ್ಟಿಯಾಗಿ ಓದಲು ಶುರು ಮಾಡಿದಳು.